ಚಿತ್ರಾಂಗದೆಗೆ ಎಷ್ಟು ಹಾಡು?

ಸಿನಿಮಾವನ್ನು ನಾಟಕ ಮಾಡಬಾರದು ಎಂದು ಮೂಗು ಮುರಿಯುವವರ ಗುಂಪಿಗೆ ನಾನು ಸೇರಿದವಳಲ್ಲ. ಮಾಡಲಿ, ಧಾರಾಳವಾಗಿ ಮಾಡಲಿ. ನಮ್ಮ ಸಿನಿಮಾ ಬೆಳೆದದ್ದೇ ನಾಟಕದ ಮಡಿಲಲ್ಲಿ. 1954ರ 'ಬೇಡರ ಕಣ್ಣಪ್ಪ' ಗುಬ್ಬಿ ಕಂಪನಿಯ ರಂಗದಿಂದ ತೆರೆಗೆ ಹೋದದ್ದು. 1974ರ 'ಸಂಪತ್ತಿಗೆ ಸವಾಲ್' ಧುತ್ತರಗಿಯವರ ನಾಟಕ. ಕೊಟ್ಟ ಮನೆಗೆ ಹೋದ ಮಗಳು ಹಬ್ಬಕ್ಕೆಂದು ತವರಿಗೆ ಬಂದರೆ ಯಾರು ಬೇಡವೆನ್ನುತ್ತಾರೆ? ನನ್ನ ತಕರಾರು ಏನಿದ್ದರೂ, ಹಾಗೆ ಬಂದ ಮಗಳ ಮೈಮೇಲಿನ ಒಡವೆ ಬಿಚ್ಚಿಸಿಕೊಂಡು ಗಂಡುಮಕ್ಕಳು ಹಾಕಿಕೊಂಡು ಮೆರೆಯುತ್ತಾರಲ್ಲ, ಅದರ ಮೇಲೆ.

ಯಾವ ಸಿನಿಮಾ ಎಂದು ಕೇಳುತ್ತೀರಿ. 'ಬಭ್ರುವಾಹನ'. ನಿಮ್ಮ ಮನೆಯಲ್ಲೂ ಹಬ್ಬದ ಮಧ್ಯಾಹ್ನ ಇದು ಟಿವಿಯಲ್ಲಿ ಬಂದಿರುತ್ತದೆ. ಯುಗಾದಿಯೋ ದೀಪಾವಳಿಯೋ, ಒಬ್ಬಟ್ಟಿನ ಊಟ ಮುಗಿಸಿ ಗಂಡಸರು ದಿಂಬಿಗೆ ಒರಗಿ ನೋಡುತ್ತಿರುತ್ತಾರೆ. ನಾವು ಅಡಿಗೆಮನೆಯಲ್ಲಿ ಪಾತ್ರೆ ಸರಿಸುತ್ತಾ ಕಿವಿಯಲ್ಲೇ ನೋಡುತ್ತಿರುತ್ತೇವೆ. ನಮಗೆ ಬೇಕಾದ ದೃಶ್ಯ ಬಂದಾಗ ಸೆರಗಿಗೆ ಕೈ ಒರಸಿಕೊಂಡು ಬಾಗಿಲಿಗೆ ಬಂದು ನಿಂತು, ಅದು ಮುಗಿದ ಮೇಲೆ ಒಳಗೆ ಹೋಗುತ್ತೇವೆ. 1977ರಲ್ಲಿ ಬಂದ ಚಿತ್ರ. ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನ, ಟಿ.ಜಿ. ಲಿಂಗಪ್ಪನವರ ಸಂಗೀತ. ಅರ್ಜುನನೂ ರಾಜ್‌ಕುಮಾರ್, ಮಗ ಬಭ್ರುವಾಹನನೂ ರಾಜ್‌ಕುಮಾರ್. ಚಿತ್ರಾಂಗದೆಯಾಗಿ ಬಿ. ಸರೋಜಾದೇವಿ.

ಈ ಕೊನೆಯ ಹೆಸರಿನಿಂದಾಗಿ ನಮ್ಮ ಕಡೆಯವರಿಗೆ ಈ ಚಿತ್ರ ಒಂದು ಕೈ ಹೆಚ್ಚು ಸ್ವಂತದ್ದು. ಸರೋಜಾದೇವಿಯವರ ತವರಿನ ಬೇರು ಇರುವುದು ಚನ್ನಪಟ್ಟಣ ತಾಲ್ಲೂಕಿನ ದಶವಾರದಲ್ಲಿ. ಮದರಾಸಿನಲ್ಲಿ ತಮಿಳು ಚಿತ್ರರಂಗದ ಮಹಾರಾಣಿಯಂತೆ ಬಾಳಿ, 1969ರಲ್ಲಿ ಪದ್ಮಶ್ರೀ, 1992ರಲ್ಲಿ ಪದ್ಮಭೂಷಣ ಪಡೆದ ಆಕೆ 2025ರ ಜುಲೈ 14ರಂದು ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದರು. ಮಾರನೆಯ ದಿನ ದೇಹವನ್ನು ತಂದದ್ದು ಇದೇ ದಶವಾರಕ್ಕೆ. ಸರ್ಕಾರಿ ಮರ್ಯಾದೆಯೊಡನೆ ಅಲ್ಲೇ ಮಣ್ಣು ಮಾಡಿದರು. ಆ ದಿನ ನಮ್ಮ ಬೀದಿಯ ಹೆಂಗಸರು ನೆನೆಸಿಕೊಂಡದ್ದು ಆಕೆಯ ಕಿತ್ತೂರು ಚೆನ್ನಮ್ಮನನ್ನು; ನನಗೆ ಮಾತ್ರ ಚಿತ್ರಾಂಗದೆ ನೆನಪಾದಳು. ಏಕೆಂದರೆ ಅದಕ್ಕೆ ಕೆಲವು ತಿಂಗಳ ಹಿಂದಷ್ಟೇ ಅವಳನ್ನು ರಂಗದ ಮೇಲೆ ಕೊಂದದ್ದನ್ನು ಕಣ್ಣಾರೆ ನೋಡಿದ್ದೆ.

ಕಥೆಯಲ್ಲಿ ಸಾಯುವುದು ಅರ್ಜುನ, ನಿಜ. ಆದರೆ ಆ ರಾತ್ರಿ ಸತ್ತವಳು ಅವಳು.

ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಸುಗ್ಗಿ ಮುಗಿಯುತ್ತಲೇ ನಾಟಕದ ಕಾಲ ಸುರುವಾಗುತ್ತದೆ. ಶಿವರಾತ್ರಿ, ಯುಗಾದಿ, ಊರಹಬ್ಬ, ಜಾತ್ರೆ ಯಾವುದಾದರೂ ನೆಪ ಸಾಕು. ಬಾಡಿಗೆಗೆ ಸೀನರಿ ಬರುತ್ತದೆ, ಅರಮನೆಯ ಪರದೆ, ಕಾಡಿನ ಪರದೆ, ಝಗಝಗಿಸುವ ಕಿರೀಟ, ಗದೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಊರಿಗೆ ಬಂದು ಹೋಗಿ ಪಾತ್ರ ಕಲಿಸಿರುತ್ತಾರೆ. ಬಹಳ ಕಡೆ ಪಾತ್ರಕ್ಕೆ ದುಡ್ಡು ಕಟ್ಟಬೇಕು. ದೊಡ್ಡ ಪಾತ್ರಕ್ಕೆ ದೊಡ್ಡ ದುಡ್ಡು. ಹೊಲ ಮಾರಿದವನಿಗೋ, ರೇಷ್ಮೆಗೂಡಿಗೆ ಒಳ್ಳೆಯ ರೇಟು ಸಿಕ್ಕಿದವನಿಗೋ, ಗ್ರಾಮ ಪಂಚಾಯಿತಿಗೆ ನಿಲ್ಲಬೇಕೆಂದಿರುವವನಿಗೋ ಅರ್ಜುನನ ಪಾತ್ರ ಸಲ್ಲುತ್ತದೆ. ಇದನ್ನು ನಾನು ಹೀಯಾಳಿಸುವುದಿಲ್ಲ. ವರ್ಷವೆಲ್ಲಾ ಮಣ್ಣಲ್ಲಿ ನಿಂತವನು ಒಂದು ರಾತ್ರಿ ಕಿರೀಟ ಇಟ್ಟುಕೊಂಡು ಊರ ಮುಂದೆ ಹಾಡುತ್ತಾನೆ ಎಂದರೆ ಅದಕ್ಕಿಂತ ಚೆಂದದ ಖರ್ಚು ಇನ್ನಾವುದಿದೆ? ಇಸ್ಪೀಟಿಗೆ ಸುರಿಯುವುದಕ್ಕಿಂತ ಸಾವಿರ ಪಾಲು ವಾಸಿ.

ನಾಟಕದ ಹೆಸರೂ ಪೌರಾಣಿಕ ನಾಟಕವೆಂದೇ. ಆದರೆ ನಾನು ನೋಡಿದ ಪ್ರಯೋಗದಲ್ಲಿ ಆಡಿದ್ದು ಪುರಾಣವನ್ನಲ್ಲ, 1977ರ ಸಿನಿಮಾವನ್ನು. ಮಾತು ಸಿನಿಮಾದ್ದು, ಮಟ್ಟು ಸಿನಿಮಾದ್ದು, ಕೈ ಬೀಸುವುದೂ ಹುಬ್ಬು ಹಾರಿಸುವುದೂ ಅಣ್ಣಾವ್ರದ್ದು. ಅದರಲ್ಲೂ ತಂದೆ ಮಗ ಎದುರುಬದುರು ನಿಂತು ಹಾಡಿನಲ್ಲೇ ಜಗಳ ಆಡುವ ಪ್ರಸಂಗ ಇದೆಯಲ್ಲ, ಇಡೀ ಚಿತ್ರದ ಕಳಶದಂಥದ್ದು, ಅದಕ್ಕಾಗಿಯೇ ನಾಟಕ ಕಟ್ಟಿದಂತಿತ್ತು. ಆ ಹಾಡನ್ನು ಚಿತ್ರದಲ್ಲಿ ರಾಜ್‌ಕುಮಾರ್ ಮತ್ತು ಪಿ.ಬಿ. ಶ್ರೀನಿವಾಸ್ ಹಾಡಿದ್ದಾರೆ. ಮುಖ ಒಂದೇ, ಕಂಠ ಎರಡು. ತೆರೆಯ ಮೇಲೆ ಒಬ್ಬರೇ ನಟ ಎರಡು ವೇಷದಲ್ಲಿ ಎದುರಾಗುವುದು ಕ್ಯಾಮೆರಾದ ಜಾಣ್ಮೆ. ರಂಗದ ಮೇಲೆ ಅದು ಆಗುವ ಮಾತಲ್ಲ, ಇಬ್ಬರು ಬೇಕು. ಅಲ್ಲಿಗೆ ದ್ವಿಪಾತ್ರ ಹೋಗಿ ಎರಡು ಪಾತ್ರವಾಯಿತು, ಇಬ್ಬರು ಯಜಮಾನರಾದರು, ಇಬ್ಬರೂ ದುಡ್ಡು ಕಟ್ಟಿದವರೇ. ಅರ್ಜುನನಿಗೆ ಒಂದು ಪಲುಕು ಹೆಚ್ಚಾದರೆ ಬಭ್ರುವಾಹನನ ಕಡೆಯವರು ಮುನಿಸಿಕೊಳ್ಳುತ್ತಾರೆ. ಹಾಗಾಗಿ ಹಾಡು ಬೆಳೆಯುತ್ತದೆ. ಒನ್ಸ್ ಮೋರ್ ಎನ್ನುತ್ತಾರೆ, ಮತ್ತೆ ಹಾಡುತ್ತಾರೆ. ನೋಟಿನ ಹಾರ ಬರುತ್ತದೆ, ಹಾರ ಹಾಕಿದವರ ಹೆಸರು ಮೈಕಿನಲ್ಲಿ ಕೂಗುತ್ತಾರೆ, ಮತ್ತೆ ಹಾಡು. ನಾನು ಗಡಿಯಾರ ನೋಡಿದೆ. ಅದೊಂದೇ ಪ್ರಸಂಗ ಮುಕ್ಕಾಲು ಗಂಟೆ ನಡೆಯಿತು.

ಚಿತ್ರಾಂಗದೆ ಇಡೀ ರಾತ್ರಿಗೆ ಮೂರು ಸಲ ಬಂದಳು. ಮೊದಲ ಸಲ ಅರ್ಜುನನ ಜೊತೆ ಒಂದು ಯುಗಳಗೀತೆಗೆ. ಎರಡನೆಯ ಸಲ, ಬಂದಿರುವವನು ನಿನ್ನ ತಂದೆ, ಕುದುರೆ ಬಿಟ್ಟುಕೊಟ್ಟು ಕಾಲಿಗೆ ಬೀಳು ಎಂದು ಮಗನಿಗೆ ಹೇಳುವುದಕ್ಕೆ. ಮೂರನೆಯ ಸಲ ಗಂಡನ ಹೆಣದ ಮೇಲೆ ಬಿದ್ದು ಅಳುವುದಕ್ಕೆ. ಆ ಅಳುವಿಗೂ ಪುರುಸೊತ್ತಿರಲಿಲ್ಲ. ಬೆಳಗಿನ ಜಾವವಾಗಿತ್ತು, ಸೀನರಿಯವನು ಪರದೆ ಸುತ್ತುವ ಅವಸರದಲ್ಲಿದ್ದ.

ಸ್ವಲ್ಪ ನಿಂತು ಯೋಚಿಸಿ. ಆ ಮುಕ್ಕಾಲು ಗಂಟೆಯ ಜಗಳ ಯಾರ ವಿಷಯಕ್ಕೆ? ಕುದುರೆಯ ವಿಷಯಕ್ಕಲ್ಲ. ಮಗ ಕುದುರೆ ಬಿಟ್ಟುಕೊಡಲೆಂದೇ ಬಂದಿದ್ದ. ನೀನು ನನಗೆ ಹುಟ್ಟಿದವನಲ್ಲ ಎಂದು ಅರ್ಜುನ ಹಂಗಿಸುತ್ತಾನಲ್ಲ, ಅಲ್ಲಿಂದ ಬೆಂಕಿ ಹತ್ತಿಕೊಳ್ಳುವುದು. ಮದುವೆಯಾಗಿ, ಬಸುರು ಮಾಡಿ, ಬಿಟ್ಟು ಹೋಗಿ, ವರ್ಷಾನುಗಟ್ಟಲೆ ಒಂದು ಮಾತು ಕಳಿಸದೆ, ಕೊನೆಗೆ ಮಗ ಕಾಲಿಗೆ ಬಿದ್ದಾಗ ಅವನ ತಾಯಿಯ ನಡತೆಯ ಮೇಲೆ ಮಾತೆಸೆಯುತ್ತಾನೆ. ಮಾತು ಬಿದ್ದದ್ದು ಅವಳ ಮೇಲೆ. ಅದಕ್ಕೆ ಉತ್ತರ ಕೊಡುವ ಹಕ್ಕು ಮೊದಲು ಯಾರದು? ಮಗ ಹಾಡುತ್ತಾನೆ, ಗಂಡ ಹಾಡುತ್ತಾನೆ, ಸಿಳ್ಳೆ ಬೀಳುತ್ತದೆ. ಅವಳು ಆಗ ಪರದೆಯ ಹಿಂದೆ ಕಬ್ಬಿಣದ ಕುರ್ಚಿಯ ಮೇಲೆ ಕೂತು ಸೊಳ್ಳೆ ಹೊಡೆದುಕೊಳ್ಳುತ್ತಿರುತ್ತಾಳೆ.

ಸಿನಿಮಾದಲ್ಲೂ ಆ ಜಗಳವಾಡುವವರು ಗಂಡಸರೇ ಅಲ್ಲವೇ ಎಂದು ಕೇಳಬಹುದು. ಕೇಳಬೇಕಾದ ಮಾತೇ. ಆದರೆ ಸಿನಿಮಾದ ಹತ್ತಿರ ಒಂದು ಉಪಾಯವಿದೆ, ನಾಟಕದ ಹತ್ತಿರ ಇಲ್ಲದ್ದು. ಕ್ಯಾಮೆರಾ ಹೆಂಗಸಿನ ಮುಖದ ಹತ್ತಿರಕ್ಕೆ ಹೋಗಬಲ್ಲದು. ಸರೋಜಾದೇವಿ ಒಂದು ಮಾತೂ ಆಡದೆ ಕಣ್ಣೆತ್ತಿದರೆ ಸಾಕು, ಆ ಕಣ್ಣು ತೆರೆಯ ತುಂಬ ಇರುತ್ತದೆ. ಹಿಂದಿನ ಬೆಂಚಿನವಳಿಗೂ ಕಾಣುತ್ತದೆ. ತುಟಿ ಅದುರಿದ್ದು, ಕುಂಕುಮದ ಕೆಳಗೆ ಬೆವರು ಮೂಡಿದ್ದು ಎಲ್ಲವೂ ಒಂದೊಂದು ಮಾತಾಗುತ್ತದೆ. ನಮ್ಮ ಸಿನಿಮಾಗಳಲ್ಲಿ ಹೆಂಗಸಿನ ಪಾತ್ರ ಅರ್ಧಕ್ಕರ್ಧ ಇರುವುದೇ ಈ ಸಮೀಪದ ನೋಟಗಳಲ್ಲಿ.

ಇದಕ್ಕೆ ಸಾಕ್ಷಿ ಬೇಕಾದರೆ ದೂರ ಹೋಗಬೇಡಿ, ರಾಮದೇವರ ಬೆಟ್ಟದ ಬುಡಕ್ಕೆ ಬನ್ನಿ. 1973ರಿಂದ ಅಲ್ಲಿ 'ಶೋಲೆ' ತೆಗೆದರು; ಬಂಡೆಗಳ ನಡುವೆ ರಾಮಗಢ ಎನ್ನುವ ಊರನ್ನೇ ಕಟ್ಟಿದ್ದರು. 1975ರ ಆಗಸ್ಟ್ 15ರ ರಜೆಯ ದಿನ ಚಿತ್ರ ತೆರೆಕಂಡಿತು. ಅದರಲ್ಲಿ ಠಾಕೂರನ ವಿಧವೆ ಸೊಸೆ ರಾಧಾ, ಜಯಾ ಬಾದುರಿ ಮಾಡಿದ್ದು. ಸಂಜೆ ಹೊತ್ತು ಮೊಗಸಾಲೆಯ ದೀಪಗಳನ್ನು ಒಂದೊಂದಾಗಿ ಆರಿಸುತ್ತಾ ಬರುತ್ತಾಳೆ. ಅತ್ತ ಹೊರಗೆ ಕೂತ ಅಮಿತಾಭ್ ಬಚ್ಚನ್ ಬಾಯಿಯಲ್ಲಿ ಊದುವ ವಾದ್ಯ ನುಡಿಸುತ್ತಿರುತ್ತಾನೆ. ಅವಳಿಗೆ ಮಾತೇ ಇಲ್ಲ ಎನ್ನಬೇಕು. ಆದರೂ ಆ ಚಿತ್ರ ನೋಡಿದ ಹೆಂಗಸರು ಗಬ್ಬರ್‌ನನ್ನು ಮರೆತರೂ ಅವಳನ್ನು ಮರೆಯುವುದಿಲ್ಲ. ಈಗ ಯಾರಾದರೂ 'ಶೋಲೆ'ಯನ್ನು ಸಂಗೀತ ನಾಟಕ ಮಾಡುತ್ತಾರೆ ಎಂದಿಟ್ಟುಕೊಳ್ಳಿ. ಗಬ್ಬರ್‌ನ ಮಾತು ಸಲೀಸಾಗಿ ರಂಗಕ್ಕೆ ಬರುತ್ತದೆ, ಊರಿನ ಹುಡುಗರಿಗೆಲ್ಲ ಬಾಯಿಪಾಠ. ಬಸಂತಿಯ ವಟವಟವೂ ಬರುತ್ತದೆ. ರಾಧಾಳ ಮೌನ ಹೇಗೆ ಬರುತ್ತದೆ? ಐವತ್ತು ಮಾರು ದೂರದಲ್ಲಿ ಚಾಪೆಯ ಮೇಲೆ ಕೂತವಳಿಗೆ ಬಿಳಿ ಸೀರೆಯೊಂದು ಅತ್ತಿಂದಿತ್ತ ಹೋದದ್ದಷ್ಟೇ ಕಂಡೀತು. ಅವಳು ಅಲ್ಲಿ ಇರಬೇಕೆಂದರೆ ಹಾಡಬೇಕು. ಕ್ಯಾಮೆರಾ ಮಾಡುತ್ತಿದ್ದ ಕೆಲಸವನ್ನು ರಂಗದಲ್ಲಿ ಹಾಡು ಮಾಡಬೇಕು. ಸಂಗೀತ ನಾಟಕದಲ್ಲಿ ಹಾಡು ಇರುವುದೇ ಅದಕ್ಕೆ.

ಸಿನಿಮಾವನ್ನು ಇದ್ದದ್ದು ಇದ್ದಂತೆ ರಂಗಕ್ಕೆ ಇಳಿಸುವ ಊರ ಮೇಷ್ಟ್ರುಗಳಿಗೆ ಹೊಳೆಯದೇ ಇರುವುದು ಇದು. ಗಂಡಸಿನ ಪಾತ್ರ ಇರುವುದು ಗಂಟಲಿನಲ್ಲಿ. ಅದು ಮೊದಲು ಕ್ಯಾಸೆಟ್ಟಿನಲ್ಲಿ ಬಂತು, ಈಗ ಮೊಬೈಲಿನಲ್ಲಿ ಬರುತ್ತದೆ, ಕೇಳಿ ಕಲಿಯಬಹುದು. ಹೆಂಗಸಿನ ಪಾತ್ರ ಇದ್ದದ್ದು ಮುಖದಲ್ಲಿ. ಕ್ಯಾಸೆಟ್ಟಿಗೆ ಮುಖವಿಲ್ಲ. ಆದ್ದರಿಂದ ಯಾರೂ ಬೇಕೆಂದು ಕತ್ತರಿ ಹಾಕದಿದ್ದರೂ ನಕಲು ತೆಗೆಯುವಾಗ ಮೊದಲು ಅಳಿಸಿಹೋಗುವುದು ಅವಳೇ.

ಅವಳಿಗೆ ಮಾತು ಎಲ್ಲಿಂದ ತರುವುದು ಎನ್ನುವವರಿದ್ದಾರೆ. ಇದ್ದ ಮಾತನ್ನು ಬಿಟ್ಟುಕೊಟ್ಟವರು ಕೇಳುವ ಪ್ರಶ್ನೆ ಅದು. ವ್ಯಾಸಭಾರತದ ಅಶ್ವಮೇಧಿಕ ಪರ್ವದಲ್ಲಿ ಚಿತ್ರಾಂಗದೆ ಸುಮ್ಮನೆ ಎದೆ ಬಡಿದುಕೊಳ್ಳುವವಳಲ್ಲ. ರಣರಂಗಕ್ಕೇ ಬರುತ್ತಾಳೆ. ಮಗನನ್ನು ಯುದ್ಧಕ್ಕೆ ಹುರಿದುಂಬಿಸಿದ ಉಲೂಪಿಯನ್ನು ಎದುರಿಗೇ ನಿಲ್ಲಿಸಿ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಗಂಡನನ್ನು ಎಬ್ಬಿಸಿಕೊಡದಿದ್ದರೆ ಅನ್ನ ನೀರು ಬಿಟ್ಟು ಇಲ್ಲೇ ಪ್ರಾಣ ಬಿಡುತ್ತೇನೆ ಎಂದು ಪಟ್ಟು ಹಿಡಿದು ಕೂರುತ್ತಾಳೆ. ಕನ್ನಡಕ್ಕೆ ಬಂದರೆ ಲಕ್ಷ್ಮೀಶನ 'ಜೈಮಿನಿ ಭಾರತ' ಇದೆ. ನಮ್ಮ ಅಜ್ಜಿಯರ ಕಾಲದಲ್ಲಿ ಅಕ್ಷರ ಬಾರದ ಹೆಂಗಸರೂ ವಾರ್ಧಕ ಷಟ್ಪದಿಯ ಆ ಪದ್ಯಗಳನ್ನು ಗಮಕಿಗಳ ಬಾಯಲ್ಲಿ ಕೇಳಿ ಕೇಳಿ ಹೇಳುತ್ತಿದ್ದರು. ಸೀತಾ ಪರಿತ್ಯಾಗದ ಭಾಗ ಬಂದರೆ ಪಡಸಾಲೆಯಲ್ಲಿ ಯಾರ ಕಣ್ಣೂ ಒಣಗಿರುತ್ತಿರಲಿಲ್ಲವಂತೆ. ಬಭ್ರುವಾಹನನ ಕಥೆಯೂ ಅದೇ ಪುಸ್ತಕದ್ದು. ಯಕ್ಷಗಾನದವರ 'ಬಭ್ರುವಾಹನ ಕಾಳಗ'ದಲ್ಲೂ ತಾಯಿ ಮಗನ ಸಂವಾದಕ್ಕೆ ಅದರದೇ ತೂಕವಿದೆ. ಇಷ್ಟು ಜನ ಕವಿಗಳು ಅವಳಿಗೆ ಬಾಯಿ ಕೊಟ್ಟಿರುವಾಗ ಅದನ್ನು ಹೊಲಿದವರು ನಾವು, ಊರಹಬ್ಬದ ನಾಟಕದವರು.

ಆ ಪಾತ್ರ ಮಾಡುವವಳ ಕಥೆಯನ್ನೂ ಒಂದಿಷ್ಟು ಹೇಳಬೇಕು. ನಮ್ಮ ಹಳ್ಳಿಗಳ ನಾಟಕದಲ್ಲಿ ಗಂಡಸರೆಲ್ಲ ಊರಿನವರು, ಹೆಂಗಸರು ಮಾತ್ರ ಬಾಡಿಗೆಗೆ ಬಂದವರು. ನಮ್ಮ ಮನೆಯ ಹೆಣ್ಣುಮಕ್ಕಳು ಬಣ್ಣ ಹಚ್ಚಬಾರದಲ್ಲ! ಮೈಸೂರಿನಿಂದಲೋ ಮಂಡ್ಯದಿಂದಲೋ ಬೆಂಗಳೂರಿನಿಂದಲೋ ಕಲಾವಿದೆಯರು ಅದೇ ಸಂಜೆ ಬಸ್ಸಿಳಿಯುತ್ತಾರೆ. ಕೈಯಲ್ಲಿ ಒಂದು ಬ್ಯಾಗು, ಅದರಲ್ಲಿ ಸೀರೆ, ಸವರಿ, ಗಿಲೀಟಿನ ಒಡವೆ. ಗಂಡಸರು ಆರು ತಿಂಗಳು ತಾಲೀಮು ಮಾಡಿರುತ್ತಾರೆ. ಇವರಿಗೆ ಒಂದು ದಿನದ ತಾಲೀಮೂ ಇಲ್ಲ. ಹಾರ್ಮೋನಿಯಂ ಮುಂದೆ ಕೂತು ಯಾವ ಹಾಡು, ಯಾವ ಮಟ್ಟು, ಎಲ್ಲಿ ಬರಬೇಕು ಎಂದು ಹತ್ತು ನಿಮಿಷ ಕೇಳಿಕೊಂಡು ರಂಗಕ್ಕೆ ಇಳಿದುಬಿಡುತ್ತಾರೆ. ಅವರ ನೆನಪಿನ ಶಕ್ತಿಗೆ ಕೈಮುಗಿಯಬೇಕು. ಇವತ್ತು ದ್ರೌಪದಿ, ನಾಳೆ ಚಂದ್ರಮತಿ, ನಾಡಿದ್ದು ಚಿತ್ರಾಂಗದೆ. ಎದುರು ನಿಂತ ಅರ್ಜುನ ಮಾತು ಮರೆತರೆ ಅವನ ಮಾತನ್ನೂ ಇವಳೇ ಸೆರಗಿನ ಮರೆಯಲ್ಲಿ ಹೇಳಿಕೊಡಬೇಕು.

ನಾನು ನೋಡಿದ ನಾಟಕದಲ್ಲಿ ಬಣ್ಣ ಹಚ್ಚಿಕೊಳ್ಳಲು ಅವರಿಗೆ ಕೊಟ್ಟಿದ್ದು ಸೀರೆಯೊಂದನ್ನು ಅಡ್ಡ ಕಟ್ಟಿದ ಮೂಲೆ. ಮೂತ್ರಕ್ಕೆ ಹೋಗಲು ಜಾಗವಿರಲಿಲ್ಲ. ಎದುರು ಮನೆಯ ಮುದುಕಿ, "ಬಾರವ್ವ, ನಮ್ಮನೇಲಿ ಹೋಗ್ಬಾ, ಯಾಕಂಗೆ ಒದ್ದಾಡ್ತೀಯ" ಎಂದು ಕೈ ಹಿಡಿದು ಕರೆದುಕೊಂಡು ಹೋದಳು. ನಸುಕಿನಲ್ಲಿ ಮೊದಲ ಬಸ್ಸಿಗೆ ಕಾಯುತ್ತಾ ನಿಂತಾಗ ಚಿತ್ರಾಂಗದೆಯ ಮುಖದ ಮೇಲೆ ಬಣ್ಣ ಇನ್ನೂ ಇತ್ತು. ತೊಳೆದುಕೊಳ್ಳಲು ಒಂದು ಚೊಂಬು ಬಿಸಿನೀರು ಕೊಡುವುದು ಯಾರಿಗೂ ಹೊಳೆದಿರಲಿಲ್ಲ.

ಇತ್ತೀಚೆಗೆ ಇನ್ನೊಂದು ಪಿಡುಗು ಸೇರಿಕೊಂಡಿದೆ. ಹಾರ್ಮೋನಿಯಂ ಯಾಕೆ, ತಬಲ ಯಾಕೆ, ಸಿನಿಮಾ ಹಾಡಿನ ಟ್ರ್ಯಾಕನ್ನೇ ಪೆನ್‌ಡ್ರೈವಿನಲ್ಲಿ ಹಾಕಿಬಿಡೋಣ ಎನ್ನುವ ಹುಡುಗರು. ಖರ್ಚು ಕಡಿಮೆ, ಸದ್ದು ಜೋರು. ಇದರಿಂದಲೂ ಪೆಟ್ಟು ಬೀಳುವುದು ಹೆಣ್ಣು ಪಾತ್ರಕ್ಕೇ. ಹೇಗೆಂದರೆ, ಗಂಡಸಿನ ಶ್ರುತಿ ಬೇರೆ, ಹೆಂಗಸಿನ ಶ್ರುತಿ ಬೇರೆ. ಹಾರ್ಮೋನಿಯಂ ಮೇಷ್ಟ್ರಿಗೆ ಅದೊಂದು ವಿಷಯವೇ ಅಲ್ಲ. ಹಾಡುವವಳು ಬಂದ ತಕ್ಷಣ ಬೆರಳು ನಾಲ್ಕು ಮನೆ ಅತ್ತ ಸರಿಸಿ ಅವಳ ಕಂಠಕ್ಕೆ ಆಧಾರ ಕೊಡುತ್ತಾರೆ. ಅವಳು ಒಂದು ಸಾಲಿನಲ್ಲಿ ನಿಂತರೆ ಇವರೂ ನಿಲ್ಲುತ್ತಾರೆ. ಅತ್ತರೆ ಕಾಯುತ್ತಾರೆ. ಪೆನ್‌ಡ್ರೈವು ಯಾರಿಗೂ ಕಾಯುವುದಿಲ್ಲ. ಇಪ್ಪತ್ತು ವರ್ಷ ರಂಗಗೀತೆ ಹಾಡಿ ಪಳಗಿದ ಹೆಂಗಸು ಅದರ ಮುಂದೆ ಬರೀ ತುಟಿ ಆಡಿಸುವ ಬೊಂಬೆಯಾಗುತ್ತಾಳೆ. ಬೊಂಬೆಗೆ ನಮ್ಮ ಚನ್ನಪಟ್ಟಣದಲ್ಲಿ ಬರವಿಲ್ಲ, ಅದಕ್ಕೆ ನಾಟಕ ಬೇಕಾಗಿಲ್ಲ.

ನನ್ನ ಈ ಮಾತನ್ನು ಊರಿನ ಒಬ್ಬ ಹಿರಿಯ ಕಲಾವಿದರ ಹತ್ತಿರ ಆಡಿದೆ. ಒಳ್ಳೆಯ ಹಾಡುಗಾರರು, ಬಭ್ರುವಾಹನನ ಪಾತ್ರವನ್ನೇ ಹಲವು ಸಲ ಮಾಡಿದವರು. ನಕ್ಕುಬಿಟ್ಟರು. "ಅಮ್ಮಾ, ಜನ ಬರೋದೇ ಆ ಜಗಳದ ಹಾಡಿಗೆ. ಅದ್ರ ನಡುವೆ ಹೆಂಗ್ಸಿನ ಗೋಳು ತಂದ್ರೆ ಎದ್ದು ಹೋಗ್ತಾರೆ. ಅಲ್ದೆ ಅಣ್ಣಾವ್ರ ಪಿಚ್ಚರ್ನ ತಿದ್ದೋಕೆ ನಾವ್ಯಾರು?" ಎಂದರು.

ಎರಡು ಮಾತು ಹೇಳಿದರು, ಎರಡಕ್ಕೂ ಉತ್ತರವಿದೆ. ತಿದ್ದಬಾರದು ಎನ್ನುವುದು ದೊಡ್ಡವರ ಮೇಲಿನ ಭಕ್ತಿಯಿಂದ ಬಂದ ಮಾತು, ಒಪ್ಪಿದೆ. ಆದರೆ ಹುಣಸೂರು ಕೃಷ್ಣಮೂರ್ತಿಯವರು ಸ್ವತಃ ನಾಟಕ ಕಂಪನಿಗಳಲ್ಲಿ ಬೆಳೆದು ಬಂದವರು. ರಂಗದಲ್ಲಿ ಏನು ನಿಲ್ಲುತ್ತದೆ, ತೆರೆಯಲ್ಲಿ ಏನು ನಿಲ್ಲುತ್ತದೆ ಎಂಬುದು ತಿಳಿದಿದ್ದರಿಂದಲೇ ಪುರಾಣವನ್ನು ತೆರೆಗೆ ಬೇಕಾದಂತೆ ಬದಲಿಸಿಕೊಂಡರು. ಅವರು ಮಾಡಿದ ಹಾಗೆ ಮಾಡಬೇಕೆಂದರೆ ರಂಗಕ್ಕೆ ಬೇಕಾದಂತೆ ಮತ್ತೆ ಬದಲಿಸಬೇಕು. ಇನ್ನು ಜನ ಎದ್ದು ಹೋಗುತ್ತಾರೆ ಎನ್ನುವ ಮಾತು. ಯಾವ ಜನ? ಚಾಪೆಯ ಮೇಲೆ ಅರ್ಧ ಜನ ಹೆಂಗಸರು. ಹಗಲೆಲ್ಲ ನೂಲು ಬಿಚ್ಚುವ ಮನೆಯಲ್ಲಿ ಕುದಿಯುವ ನೀರಿನ ಮುಂದೆ ನಿಂತು ಬೆರಳು ಬೆಂದವರು, ಹಬ್ಬದ ಅಡಿಗೆ ಮಾಡಿ ಸೊಂಟ ಬಿದ್ದವರು ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದು ಬೆಳಗಿನವರೆಗೆ ಕೂತಿರುತ್ತಾರೆ. ಮಧ್ಯರಾತ್ರಿಯ ಮೇಲೆ ಎದ್ದು ಹೋಗಿ ಗೂಡಂಗಡಿಯ ಹತ್ತಿರ ಬೀಡಿ ಸೇದುವವರು ಯಾರೆಂದು ನೋಡಿ, ಆಮೇಲೆ ಮಾತಾಡೋಣ.

ಹೊತ್ತು ಸಾಲದು ಎನ್ನುವುದು ಇನ್ನೊಂದು ನೆಪ. ಎರಡು ಒನ್ಸ್ ಮೋರ್ ಬಿಟ್ಟರೆ ಒಂದು ಹಾಡಿಗೆ ಜಾಗವಾಗುತ್ತದೆ. ನೋಟಿನ ಹಾರದ ಹೆಸರು ಕೂಗುವುದನ್ನು ಬಿಟ್ಟರೆ ಇನ್ನೂ ಎರಡಕ್ಕೆ.

ಸಿನಿಮಾ ತಿದ್ದಿ ರಂಗಕ್ಕೆ ತಂದವರು ಕೆಟ್ಟಿದ್ದಾರೆಯೇ ಎಂದು ಹೊರಗೂ ಕಣ್ಣಾಡಿಸಿ ನೋಡಿದೆ. ಅಮೆರಿಕದಲ್ಲಿ 1994ರಲ್ಲಿ ಬಂದ 'ಲಯನ್ ಕಿಂಗ್' ಎಂಬ ಮಕ್ಕಳ ಚಿತ್ರವನ್ನು 1997ರಲ್ಲಿ ಸಂಗೀತ ನಾಟಕ ಮಾಡಿದರು. ನಿರ್ದೇಶಿಸಿದವರು ಜೂಲಿ ಟೇಮರ್ ಎಂಬ ಹೆಂಗಸು. ಆಕೆ ಚಿತ್ರ ನೋಡಿ ಮೊದಲು ಗಮನಿಸಿದ್ದು ಇದರಲ್ಲಿ ಗಟ್ಟಿಯಾದ ಹೆಣ್ಣು ಪಾತ್ರವೇ ಇಲ್ಲವಲ್ಲ ಎಂದು. ರಫೀಕಿ ಎಂಬ ಮುದಿ ಕೋತಿ ಚಿತ್ರದಲ್ಲಿ ಗಂಡು. ಆಕೆ ಅದನ್ನು ಹೆಣ್ಣು ಮಾಡಿದರು, ನಾಟಕದ ಮೊದಲ ಕೂಗನ್ನೇ ಅವಳ ಬಾಯಲ್ಲಿ ಇಟ್ಟರು. ನಾಲಾ ಎಂಬ ಹೆಣ್ಣು ಸಿಂಹಕ್ಕೆ ಚಿತ್ರದಲ್ಲಿ ಇಲ್ಲದ ಹಾಡೊಂದನ್ನು ಸೇರಿಸಿದರು. ಜನ ಎದ್ದು ಹೋಗಲಿಲ್ಲ. ಮರುವರ್ಷ ಆಕೆಗೆ ಟೋನಿ ಪ್ರಶಸ್ತಿ ಬಂತು, ಸಂಗೀತ ನಾಟಕದ ನಿರ್ದೇಶನಕ್ಕೆ ಅದನ್ನು ಪಡೆದ ಮೊದಲ ಹೆಂಗಸು. ಆ ನಾಟಕ ಇಷ್ಟು ವರ್ಷವಾದರೂ ನಡೆಯುತ್ತಲೇ ಇದೆ.

ಅಷ್ಟು ದೂರ ಬೇಡವೆಂದರೆ ಮುಂಬಯಿ ಇದೆ. 1960ರ 'ಮೊಘಲ್-ಎ-ಆಜಮ್' ಚಿತ್ರವನ್ನು ಫಿರೋಜ್ ಅಬ್ಬಾಸ್ ಖಾನ್ 2016ರಲ್ಲಿ ರಂಗಕ್ಕೆ ತಂದರು. ಕೋಟ್ಯಂತರ ಜನಕ್ಕೆ ಲತಾ ಮಂಗೇಶ್ಕರರ ದನಿಯಲ್ಲಿ ಬಾಯಿಪಾಠವಾದ ಹಾಡುಗಳು. ಟ್ರ್ಯಾಕ್ ಹಾಕಿ ತುಟಿ ಆಡಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಅನಾರ್ಕಲಿಯ ಪಾತ್ರಕ್ಕೆ ಹಾಡಬಲ್ಲ ಹುಡುಗಿಯರನ್ನೇ ಹುಡುಕಿ, ಕುಣಿಯುತ್ತಲೇ ರಂಗದ ಮೇಲೆ ಸ್ವಂತ ಕಂಠದಲ್ಲಿ ಹಾಡಿಸಿದರು. ಅವರ ಹತ್ತಿರ ದುಡ್ಡಿತ್ತು ಎನ್ನುತ್ತೀರಿ. ಇತ್ತು. ಆದರೆ ಹೆಂಗಸಿನ ಕಂಠಕ್ಕೆ ಹಾರ್ಮೋನಿಯಂ ಶ್ರುತಿ ಹೊಂದಿಸಲು ಎಷ್ಟು ದುಡ್ಡು ಬೇಕು?

ನಮ್ಮಲ್ಲಿ ಇಂಥವರು ಇರಲಿಲ್ಲವೇ? ಮೈಸೂರಿನ ಆರ್. ನಾಗರತ್ನಮ್ಮನವರು 1958ರಲ್ಲೇ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಪೂರ್ತಿ ಹೆಂಗಸರೇ. ಕೃಷ್ಣನೂ ಹೆಂಗಸು, ಕಂಸನೂ ಹೆಂಗಸು. ಗದೆ ಹೊತ್ತು ಆಕೆ ರಂಗಕ್ಕೆ ಬಂದರೆ ಮುಂದಿನ ಸಾಲಿನ ಮಕ್ಕಳು ಹೆದರಿ ತಾಯಿಯ ಮಡಿಲಿಗೆ ಸೇರುತ್ತಿದ್ದವು ಎಂದು ನೋಡಿದವರು ಹೇಳುತ್ತಿದ್ದರು. 2012ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡರು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರ ಕಂಠ ಕೇಳದ ಕನ್ನಡಿಗರು ಯಾರು? ಹೆಂಗಸು ಹಾಡಿದರೆ ಜನ ಏಳುತ್ತಾರೆ ಎನ್ನುವವರು ಇವರ ನಾಟಕಕ್ಕೆ ಒಂದು ಸಲ ಹೋಗಿ ಕೂತಿದ್ದರೆ ಈ ಮಾತು ಬಾಯಿಗೆ ಬರುತ್ತಿರಲಿಲ್ಲ.

ಹಾಗಾದರೆ ಎಲ್ಲಿ ಹಾಡಿಸಬೇಕು? ಮೇಷ್ಟ್ರುಗಳು ಕೇಳಲಿ ಬಿಡಲಿ, ನಾನು ಯೋಚಿಸಿಟ್ಟಿದ್ದೇನೆ. ಮಗ ಅಪಮಾನಗೊಂಡು ಅರಮನೆಗೆ ಹಿಂದಿರುಗುತ್ತಾನೆ. ಅಲ್ಲಿಂದ ಬಾಣ ಹಿಡಿದು ಯುದ್ಧಕ್ಕೆ ಹೊರಡುತ್ತಾನೆ. ಈ ಎರಡರ ನಡುವೆ ಈಗ ಪರದೆ ಬೀಳುತ್ತದೆ, ಹಾಸ್ಯಗಾರ ಬಂದು ಏನೋ ಹಲ್ಲು ಕಿರಿದು ಹೋಗುತ್ತಾನೆ. ಆ ಪರದೆ ಬೀಳಬಾರದು. ಮಗ ತಾಯಿಯನ್ನು ಕೇಳಬೇಕು, ನನ್ನ ತಂದೆ ನಿನ್ನ ಬಗ್ಗೆ ಹೀಗೆಂದ, ನೀನೇನು ಹೇಳುತ್ತೀಯ ಎಂದು. ಅವಳು ಕೂಡಲೇ ಅಳಬಾರದು. ಮಣಿಪುರದ ರಾಜಕುಮಾರಿ ಅವಳು, ಗಂಡುಸಂತಾನವಿಲ್ಲದ ಮನೆಯಲ್ಲಿ ಗಂಡಿನ ಹಾಗೆ ಬೆಳೆದವಳು. ಅರ್ಜುನ ಮೆಚ್ಚಿ ಬಂದಾಗ ಅವಳ ತಂದೆ ಶರತ್ತು ಹಾಕಿದ್ದ: ಹುಟ್ಟುವ ಮಗ ನಮ್ಮ ವಂಶಕ್ಕೆ ಸೇರಿದವನು, ಇಲ್ಲೇ ಉಳಿಯತಕ್ಕದ್ದು. ಅರ್ಜುನ ಒಪ್ಪಿ ಮದುವೆಯಾದ. ಅಂದರೆ ಮಗ ತನ್ನವನೆಂದು ಹೇಳಿಕೊಳ್ಳುವ ಹಕ್ಕನ್ನು ಅವನೇ ಅಂದೇ ಬಿಟ್ಟುಕೊಟ್ಟಿದ್ದ! ಈ ಮಾತನ್ನು ಅವಳು ಹಾಡಿನಲ್ಲಿ ಕೇಳಬೇಕು. ಕೊಟ್ಟ ಮಾತು ಯಾರು ಮರೆತರು, ಕಾದವರು ಯಾರು, ಈಗ ಶೀಲದ ಲೆಕ್ಕ ಕೇಳುವವರು ಯಾರು ಎಂದು ನಿಧಾನವಾಗಿ, ಸಭೆಯ ಕಡೆ ತಿರುಗಿ ಹಾಡಬೇಕು. ಆಮೇಲೆ ಬೇಕಾದರೆ ಮಗನನ್ನು ತಡೆಯಲಿ, ಬೇಡವಾದರೆ ಕಳಿಸಲಿ. ಇದಾದ ನಂತರ ತಂದೆ ಮಗನ ಜಗಳದ ಹಾಡು ಬಂದರೆ ಅದಕ್ಕೂ ಈಗಿನದಕ್ಕಿಂತ ಬೇರೆಯೇ ಕಾವು ಬರುತ್ತದೆ. ಕೇಳುವವರಿಗೆ ಯಾವ ಗಾಯದಿಂದ ರಕ್ತ ಸುರಿಯುತ್ತಿದೆ ಎನ್ನುವುದು ಗೊತ್ತಿರುತ್ತದೆ. ದುಡ್ಡು ಕಟ್ಟಿದ ಇಬ್ಬರು ಗಂಡಸರಿಗೂ ಇದರಿಂದ ಲಾಭವೇ ಹೊರತು ನಷ್ಟವಿಲ್ಲ.

ಹಾಡು ಬರೆಯುವವರು ನಮ್ಮ ತಾಲ್ಲೂಕುಗಳಲ್ಲಿ ಬೇಕಾದಷ್ಟು ಜನರಿದ್ದಾರೆ. ಜಾನಪದ ಲೋಕ ಇರುವ ರಾಮನಗರದ ನೆಲವಿದು, ಸೋಬಾನೆ ಹೇಳುವ, ರಾಗಿ ಬೀಸುವ ಪದ ಹೇಳುವ ಅಜ್ಜಿಯರು ಕನಕಪುರ, ಮಾಗಡಿಯ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಬಿಟ್ಟುಹೋದ ಗಂಡನ ಮೇಲೆ ಅವರ ಹತ್ತಿರ ಎಷ್ಟು ಪದ ಇವೆ ಎಂದು ಯಾವ ಮೇಷ್ಟ್ರಾದರೂ ಹೋಗಿ ಕೇಳಿದ್ದಾರೆಯೇ?

ಈ ಸಲ ಹಬ್ಬಕ್ಕೆ ಮುಂಚೆ ಹುಡುಗರು ನಾಟಕದ ಚಂದಾ ಎತ್ತಲು ನಮ್ಮ ಬೀದಿಗೆ ಬಂದರು. ಚಂದಾ ಪುಸ್ತಕದಲ್ಲಿ ಬರೆಯುವುದು ಯಜಮಾನರ ಹೆಸರಾದರೂ ದುಡ್ಡು ಬರುವುದು ಅಡಿಗೆಮನೆಯ ಸಾಸಿವೆ ಡಬ್ಬಿಯಿಂದಲೇ ತಾನೆ. "ಯಾವ ನಾಟಕಪ್ಪ?" ಎಂದೆ. "ಬಭ್ರುವಾಹನ ಅಕ್ಕ, ಪಿಚ್ಚರ್ ಇದ್ದಂಗೇ ಮಾಡ್ತೀವಿ" ಎಂದ ಮುಂದಿನವನು. "ಚಿತ್ರಾಂಗದೆ ಯಾರು ಮಾಡೋದು?" ಅವನಿಗೆ ಗೊತ್ತಿರಲಿಲ್ಲ, ಮೈಸೂರಿಂದ ಯಾರನ್ನೋ ಕರೆಸುತ್ತಾರೆ ಎಂದ. "ಅವಳಿಗೆ ಎಷ್ಟು ಹಾಡು? ತಾಲೀಮಿಗೆ ಯಾವತ್ತು ಬರ್ತಾಳೆ? ಬಣ್ಣ ಹಚ್ಚಿಕೊಳ್ಳೋಕೆ ಎಲ್ಲಿ ಜಾಗ ಮಾಡಿದ್ದೀರಿ?" ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಕ್ಕದ ಮನೆಯ ಸೊಸೆ ಕಾಂಪೌಂಡಿನಾಚೆ ನಿಂತು ಕೇಳಿಸಿಕೊಳ್ಳುತ್ತಿದ್ದವಳು, "ಹೌದು ಕಣಪ್ಪ, ಅದ್ನ ಹೇಳಿ ಮೊದ್ಲು, ಆಮೇಲೆ ನಮ್ಮನೇದೂ ಬರ್ಕೊಳಿ" ಎಂದಳು. ಮೇಷ್ಟ್ರನ್ನು ಕೇಳಿಕೊಂಡು ಬರುತ್ತೇವೆ ಎಂದು ಹೋದರು. ಇನ್ನೂ ಬಂದಿಲ್ಲ. ಎರಡೂ ಮನೆಯ ದುಡ್ಡು ಡಬ್ಬಿಯಲ್ಲಿ ಹಾಗೇ ಇದೆ.